ಮುಳ್ಳುಕಾಡಿನ ದರಪಟ್ಟಿ

ಭಾರತದಲ್ಲಿ ಕಾಡಿಗೆ ಅಧಿಕೃತ ದರಪಟ್ಟಿಯೊಂದಿದೆ. ಗಣಿ, ರಸ್ತೆ, ಅಣೆಕಟ್ಟು, ವಿದ್ಯುತ್ ಮಾರ್ಗ ಯಾವುದಕ್ಕೇ ಆಗಲಿ, ಅರಣ್ಯಭೂಮಿಯನ್ನು ಪಡೆಯುವವರು ಅದರ ‘ನಿವ್ವಳ ಪ್ರಸ್ತುತ ಮೌಲ್ಯ’ವನ್ನು ಸರ್ಕಾರಕ್ಕೆ ಕಟ್ಟಬೇಕು. ಅರಣ್ಯ ರಕ್ಷಣೆಗೆ ಸಂಬಂಧಿಸಿದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಪದ್ಧತಿ ಇದು. ಅರ್ಥಶಾಸ್ತ್ರಜ್ಞೆ ಕಾಂಚನ್ ಚೋಪ್ರಾ ಅವರ ಸಮಿತಿ 2006ರಲ್ಲಿ ಲೆಕ್ಕದ ವಿಧಾನವನ್ನು ಸೂಚಿಸಿತು. 2008ರ ಮಾರ್ಚ್‌ನಲ್ಲಿ ದರಗಳು ನಿಗದಿಯಾದವು. ಅತಿ ದಟ್ಟ ನಿತ್ಯಹರಿದ್ವರ್ಣ ಕಾಡಿಗೆ ಹೆಕ್ಟೇರಿಗೆ ₹10.43 ಲಕ್ಷ. ಪಟ್ಟಿಯ ತೀರ ಕೆಳಗಿನ ಸಾಲಿನಲ್ಲಿ ತೆಳುವಾದ ಮುಳ್ಳುಕಾಡು, ₹4.38 ಲಕ್ಷ. 2022ರಲ್ಲಿ ದರಗಳು ಪರಿಷ್ಕೃತಗೊಂಡರೂ ಯಾವುದು ಮೇಲೆ, ಯಾವುದು ಕೆಳಗೆ ಎಂಬ ಸಾಲು ಬದಲಾಗಲಿಲ್ಲ.

ಗದಗ ಜಿಲ್ಲೆಯ ಕಾಡು ಬಹುಪಾಲು ಈ ಪಟ್ಟಿಯ ಕೆಳತುದಿಯಲ್ಲೇ ಬರುತ್ತದೆ. ವರ್ಷಕ್ಕೆ ಸರಾಸರಿ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಬಯಲಿನಲ್ಲಿ ಆಕಾಶ ಮುಚ್ಚುವ ಮರಗಳು ಬೆಳೆಯುವುದಿಲ್ಲ. ಬೆಳೆಯುವುದು ಹುಲ್ಲು, ಕಂಟಿ, ಮುಳ್ಳುಗಿಡ, ಕಲ್ಲಿನ ಸಂದಿಯಲ್ಲಿ ಬೇರೂರುವ ಔಷಧಿ ಸಸ್ಯ. ಹೀಗಿರುವ ನೆಲಕ್ಕೆ ಬೆಲೆ ಕಟ್ಟುವುದು ಹೇಗೆ, ಕಟ್ಟಿದ ಬೆಲೆಯನ್ನು ಯಾರು ತೆರುತ್ತಾರೆ, ಯಾರು ಪಡೆಯುತ್ತಾರೆ ಎಂಬ ಪ್ರಶ್ನೆಗಳು ಪರಿಸರ ಅರ್ಥಶಾಸ್ತ್ರದ ಪಠ್ಯದಲ್ಲಿ ಅಮೂರ್ತವಾಗಿ ಬರುತ್ತವೆ. ಗದಗ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ತಾಲ್ಲೂಕುಗಳಲ್ಲಿ ಅವು ಒಂದು ಗುಡ್ಡ, ಒಂದು ನದಿ, ಒಂದು ಕೆರೆ ಮತ್ತು ಒಂದಷ್ಟು ಎರಿಭೂಮಿಯ ಸುತ್ತ ನಡೆದ ಜಗಳಗಳಾಗಿ ಕಾಣಿಸಿಕೊಂಡಿವೆ.

ಗುಡ್ಡ ಕಪ್ಪತಗುಡ್ಡ. ಗದಗ ಹತ್ತಿರದ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ ಸುಮಾರು 65 ಕಿಲೋಮೀಟರ್ ಉದ್ದಕ್ಕೆ ಚಾಚಿರುವ ಸಾಲು. ಸುತ್ತಲಿನ ಬಯಲು ಎಷ್ಟು ಚಪ್ಪಟೆಯೆಂದರೆ ಈ ಗುಡ್ಡ ಇರುವುದಕ್ಕಿಂತ ಎತ್ತರವಾಗಿ ತೋರುತ್ತದೆ. ತೋಳ, ಕತ್ತೆಕಿರುಬ, ಚಿರತೆ, ನವಿಲು ಇಲ್ಲಿವೆ. ಸುತ್ತಲಿನ ತಾಂಡಾ ಮತ್ತು ಹಳ್ಳಿಗಳವರಿಗೆ ಗುಡ್ಡವೆಂದರೆ ಮೇವು, ಸೀತಾಫಲ, ಕಟ್ಟಿಗೆ. ಕುರಿಗಾರರಿಗೆ ಮಳೆಗಾಲದ ಹುಲ್ಲು. ಡಂಬಳದ ಕೆರೆಗೆ, ಇನ್ನೂ ಅನೇಕ ಸಣ್ಣ ಕೆರೆಗಳಿಗೆ ನೀರು ಹರಿದು ಬರುವುದು ಈ ಇಳಿಜಾರಿನ ಹಳ್ಳಗಳಿಂದಲೇ.

ಇಲ್ಲಿ ಎರಡು ಬಗೆಯ ಮೌಲ್ಯಗಳನ್ನು ಬೇರ್ಪಡಿಸಿ ನೋಡಬೇಕು. ಸೀತಾಫಲಕ್ಕೆ ಸಂತೆಯಲ್ಲಿ ಬೆಲೆಯಿದೆ, ಕಟ್ಟಿಗೆಗೂ ಇದೆ. ಇವು ನೇರ ಬಳಕೆಯ ಮೌಲ್ಯ. ಗುಡ್ಡದ ಹುಲ್ಲು ಮಳೆನೀರಿನ ಓಟವನ್ನು ತಡೆದು ನೆಲಕ್ಕೆ ಇಳಿಸುತ್ತದಲ್ಲ, ಆ ಕೆಲಸಕ್ಕೆ ಯಾವ ಸಂತೆಯಲ್ಲೂ ಬೆಲೆಯಿಲ್ಲ. ಅದರ ಫಲ ಸಿಗುವುದು ಕೆಳಗಿನ ಊರಿನ ಬಾವಿಯಲ್ಲಿ, ಮೂರು ತಿಂಗಳು ತಡವಾಗಿ ಬತ್ತುವ ಕೊಳವೆಬಾವಿಯಲ್ಲಿ. ಬಾವಿಯ ಒಡೆಯನಿಗೆ ಗುಡ್ಡಕ್ಕೆ ಹಣ ಕಟ್ಟಬೇಕೆಂದು ಅನ್ನಿಸುವುದಿಲ್ಲ, ಕಟ್ಟಬೇಕೆಂದು ಕೇಳುವವರೂ ಇಲ್ಲ. ಚೋಪ್ರಾ ಸಮಿತಿ ಪರೋಕ್ಷ ಸೇವೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲು ಪ್ರಯತ್ನಿಸಿತ್ತು. ಆದರೂ ಕೊನೆಗೆ ಬಂದ ಪಟ್ಟಿ ಕಾಡಿನ ಜಾತಿ ಮತ್ತು ದಟ್ಟಣೆಯ ಮೇಲೆ ನಿಂತಿತು. ಮರ ಹೆಚ್ಚಿದ್ದಲ್ಲಿ ಬೆಲೆ ಹೆಚ್ಚು. ಮಲೆನಾಡಿನಲ್ಲಿ ಈ ತರ್ಕಕ್ಕೆ ಅರ್ಥವಿದೆ. ಬಯಲುಸೀಮೆಯಲ್ಲಿ ಅದು ತಲೆಕೆಳಗಾಗುತ್ತದೆ. ಧಾರಾಳ ಮಳೆಯ ನಾಡಿನಲ್ಲಿ ಒಂದು ಹಳ್ಳ ಬತ್ತಿದರೆ ಪಕ್ಕದ್ದು ಹರಿಯುತ್ತದೆ. ಇಲ್ಲಿ ಪಕ್ಕದ ಹಳ್ಳವೇ ಇಲ್ಲ. ಅರ್ಥಶಾಸ್ತ್ರದ ಮೊದಲ ಪಾಠವಾದ ವಿರಳತೆಯ ನಿಯಮವನ್ನೇ ಹಿಡಿದರೆ ಮುಳ್ಳುಕಾಡಿನ ದರ ಇನ್ನಷ್ಟು ಮೇಲಿರಬೇಕಿತ್ತು.

ಬೆಲೆ ಕಡಿಮೆಯಿದ್ದ ಈ ಕಾಡಿನ ಅಡಿಯಲ್ಲಿ ಬೆಲೆ ಹೆಚ್ಚಿರುವ ವಸ್ತುವೊಂದು ಇದೆ. ಸೊರಟೂರು ಸುತ್ತಲಿನ ಹಳ್ಳಗಳಲ್ಲಿ ಮಳೆ ನಿಂತ ಮೇಲೆ ಮರಳು ತೊಳೆದು ಚಿನ್ನದ ಕಣ ಹೆಕ್ಕುವ ಜಾಲಗಾರರು ಇದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಡಂಬಳ ಗುಡ್ಡಗಳ ಚಿನ್ನದ ಶಿಲೆಗಳ ಕುರಿತು ವರದಿ ಬರೆದ. ಅದಕ್ಕೂ ಬಹಳ ಮೊದಲು, ಇದೇ ಸೀಮೆಯ ಲಕ್ಕುಂಡಿಯ ಹೆಸರಿನಲ್ಲಿ ‘ಲೊಕ್ಕಿ ಗದ್ಯಾಣ’ವೆಂಬ ಚಿನ್ನದ ನಾಣ್ಯ ಚಲಾವಣೆಯಲ್ಲಿತ್ತು. 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪನಿಗಳು ಕಬಲಾಯತಕಟ್ಟಿ ಮುಂತಾದ ಕಡೆ ಗಣಿ ತೋಡಿ, ಲಾಭ ಹುಟ್ಟದೆ ಬಿಟ್ಟುಹೋದವು. ಚಿನ್ನದ ಜೊತೆಗೆ ಡೋಣಿ ಭಾಗದಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರಿದೆ. ಚಿನ್ನದ ದರ ಏರಿದಾಗಲೆಲ್ಲ, ಹೊಸ ಸಂಸ್ಕರಣಾ ವಿಧಾನ ಬಂದಾಗಲೆಲ್ಲ, ಬಿಟ್ಟುಹೋದ ಗಣಿಯ ಮೇಲೆ ಮತ್ತೆ ಕಣ್ಣು ಬೀಳುತ್ತದೆ.

ಚಿನ್ನದ ಗಣಿಯ ಲೆಕ್ಕ ವಿಚಿತ್ರವಾದದ್ದು. ಒಂದು ಟನ್ ಅದಿರು ಪುಡಿ ಮಾಡಿದರೆ ದಕ್ಕುವುದು ಕೆಲವೇ ಗ್ರಾಂ. ಉಳಿದದ್ದೆಲ್ಲ ಸೈನೈಡ್ ಹಾಯಿಸಿ ತೆಗೆದ ನಂತರದ ಹಿಟ್ಟು. ಅದು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಉತ್ತರ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿದೆ. ಅಲ್ಲಿ 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿತು. ಕಂಪನಿ ಹೋಯಿತು, ಸಂಬಳ ನಿಂತಿತು, ಕೋಟಿಗಟ್ಟಲೆ ಟನ್ ತೂಕದ ‘ಸೈನೈಡ್ ದಿಬ್ಬ’ಗಳು ಮಾತ್ರ ಉಳಿದವು. ಗಾಳಿ ಬೀಸಿದರೆ ಅದರ ದೂಳು ಕಾರ್ಮಿಕರ ಕಾಲೊನಿಗಳ ಮೇಲೆ ಬೀಳುತ್ತದೆ. ಗಣಿ ನಡೆದಷ್ಟು ಕಾಲ ಲಾಭ ಕಂಪನಿಯ ಪುಸ್ತಕದಲ್ಲಿತ್ತು. ದಿಬ್ಬದ ಖರ್ಚನ್ನು ಬರೆಯಲು ಯಾವ ಪುಸ್ತಕವೂ ತೆರೆದಿರಲಿಲ್ಲ.

ಹೀಗೆ ಒಬ್ಬರ ವ್ಯವಹಾರದ ವೆಚ್ಚ ವ್ಯವಹಾರದಲ್ಲಿ ಭಾಗಿಯಾಗದ ಇನ್ನೊಬ್ಬರ ತಲೆಯ ಮೇಲೆ ಬೀಳುವುದನ್ನು ಅರ್ಥಶಾಸ್ತ್ರಜ್ಞರು ಬಾಹ್ಯ ಪರಿಣಾಮ ಎನ್ನುತ್ತಾರೆ. ಇಂಗ್ಲೆಂಡಿನ ಆರ್ಥರ್ ಪಿಗೂ 1920ರಲ್ಲಿ ಇದಕ್ಕೆ ತೆರಿಗೆಯ ಮದ್ದು ಸೂಚಿಸಿದ. ಮಾಡಿದ ಹಾನಿಯಷ್ಟು ತೆರಿಗೆ ಹಾಕಿದರೆ ಮಾಡುವವನೇ ಲೆಕ್ಕ ಹಾಕಿ ಕಡಿಮೆ ಮಾಡುತ್ತಾನೆ ಎಂಬುದು ಅವನ ವಾದ. ರೊನಾಲ್ಡ್ ಕೋಸ್ 1960ರಲ್ಲಿ ಬೇರೆ ದಾರಿ ತೋರಿಸಿದ. ಹಕ್ಕು ಯಾರದ್ದೆಂದು ಸ್ಪಷ್ಟವಾಗಿದ್ದು, ಕೂತು ಮಾತಾಡುವ ಖರ್ಚು ಕಡಿಮೆಯಿದ್ದರೆ, ಇಬ್ಬರೂ ಚೌಕಾಸಿ ಮಾಡಿ ದಾರಿ ಕಂಡುಕೊಳ್ಳಬಲ್ಲರು. ಈ ಎರಡನೆಯ ಮದ್ದಿಗೆ ಒಂದು ಪೂರ್ವಷರತ್ತಿದೆ: ಹಾನಿ ಅನುಭವಿಸುವವರು ಈಗ ಬದುಕಿದ್ದು, ಮಾತಾಡುವ ಸ್ಥಿತಿಯಲ್ಲಿರಬೇಕು. ಗಣಿ ಮುಚ್ಚಿದ ಐವತ್ತು ವರ್ಷದ ನಂತರ ಹುಟ್ಟುವ ಮಗು ಚೌಕಾಸಿಗೆ ಬರುವುದಿಲ್ಲ.

ಆ ಮಗುವಿನ ಪಾಲನ್ನು ತೀರ್ಮಾನಿಸುವುದು ವಟಾವು ದರ. ಐವತ್ತು ವರ್ಷದ ನಂತರ ಆಗುವ ₹100 ನಷ್ಟ ಇಂದಿನ ಲೆಕ್ಕದಲ್ಲಿ ಎಷ್ಟು? ವರ್ಷಕ್ಕೆ ಶೇ 10ರ ದರದಲ್ಲಿ ಇಳಿಸುತ್ತ ಬಂದರೆ ಸುಮಾರು 85 ಪೈಸೆ. ಶೇ 4ರ ದರದಲ್ಲಿ ₹14. ಅದೇ ಗುಡ್ಡ, ಅದೇ ನಷ್ಟ. ಒಂದು ಅಂಕಿ ಬದಲಾಯಿಸಿದರೆ ಹದಿನಾರು ಪಟ್ಟು ವ್ಯತ್ಯಾಸ. ಯಾವ ದರ ಹಿಡಿಯಬೇಕೆಂಬುದು ಗಣಿತದ ಪ್ರಶ್ನೆಯಂತೆ ಕಾಣುತ್ತದೆ, ಆದರೆ ಗಣಿತದಲ್ಲಿ ಅದಕ್ಕೆ ಉತ್ತರವಿಲ್ಲ. ಬ್ಯಾಂಕಿನಿಂದ ಸಾಲ ತಂದವನಿಗೆ ಹೆಚ್ಚಿನ ದರವೇ ನ್ಯಾಯ. ತಲೆಮಾರುಗಳಿಂದ ಅದೇ ಊರಿನಲ್ಲಿ ಉಳಿದವನಿಗೆ ಅದು ಅನ್ಯಾಯ. ಅದಿರಿನ ಆದಾಯವನ್ನು ತಿಂದು ಮುಗಿಸದೆ ಮುಂದಿನವರಿಗೆ ಉಪಯೋಗವಾಗುವ ಬಂಡವಾಳವಾಗಿ ಮಾರ್ಪಡಿಸಬೇಕೆಂಬ ಸೂತ್ರವನ್ನು ಜಾನ್ ಹಾರ್ಟ್‌ವಿಕ್ 1977ರಲ್ಲಿ ಮುಂದಿಟ್ಟ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನಗಳಿಗೆ ಹಿನ್ನೆಲೆಯಾಗಿ ಈ ವಿಚಾರವನ್ನು ಕಾಣಬಹುದು. ಆ ನಿಧಿ ಗಣಿಬಾಧಿತ ಊರುಗಳಿಗೆ ಸಲ್ಲಬೇಕು. ಸಿಮೆಂಟ್ ರಸ್ತೆ, ಸಮುದಾಯ ಭವನಗಳಾಗಿ ಅದು ಮುಗಿದುಹೋದರೆ ಸೂತ್ರ ಕಾಗದದಲ್ಲೇ ಉಳಿಯುತ್ತದೆ.

ಕಪ್ಪತಗುಡ್ಡದ ಕಥೆಯಲ್ಲಿ ಈ ಯಾವ ಸೂತ್ರವೂ ನಿರ್ಣಾಯಕವಾಗಲಿಲ್ಲ. 2015ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ಸುಮಾರು 17,872 ಹೆಕ್ಟೇರ್ ಪ್ರದೇಶವನ್ನು ಸಂರಕ್ಷಿತ ಮೀಸಲು ಎಂದು ಘೋಷಿಸಿತು. 2016ರ ನವೆಂಬರ್‌ನಲ್ಲಿ ಅದನ್ನು ಹಿಂಪಡೆಯಿತು. ಸ್ಥಳೀಯರ ಅಭಿಪ್ರಾಯ ಕೇಳಿರಲಿಲ್ಲ ಎಂಬ ಕಾರಣ ಮುಂದೆ ಬಂತು. ಗಣಿಗೆ ದಾರಿ ತೆರೆಯಲಿಕ್ಕೇ ಈ ಹಿಂಪಡೆತ ಎಂಬ ಅನುಮಾನ ಊರೂರಿಗೆ ಹಬ್ಬಿತು. ಡೋಣಿಯ ನಂದಿವೇರಿ ಮಠ ಮೊದಲಿನಿಂದಲೂ ಗುಡ್ಡದ ಪರವಾಗಿ ನಿಂತಿತ್ತು. 2017ರ ಫೆಬ್ರುವರಿಯಲ್ಲಿ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ನೇತೃತ್ವದಲ್ಲಿ ಗದಗದಲ್ಲಿ ಮೂರು ದಿನ ಅಹೋರಾತ್ರಿ ಧರಣಿ ನಡೆಯಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠ ಅವರೂ ಜೊತೆಗಿದ್ದರು. ಏಪ್ರಿಲ್‌ನಲ್ಲಿ ಸರ್ಕಾರ ಮೀಸಲು ಸ್ಥಾನಮಾನವನ್ನು ಮರಳಿಸಿತು. 2019ರ ಮೇ ತಿಂಗಳಲ್ಲಿ 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು.

ಸ್ಥಾನಮಾನ ಬದಲಾದರೆ ಬೆಲೆಯೂ ಬದಲಾಗುತ್ತದೆ ಎಂಬುದು ಇಲ್ಲಿ ಗಮನಿಸಬೇಕಾದ ವಿಷಯ. 2008ರ ಆದೇಶದ ಪ್ರಕಾರ ವನ್ಯಜೀವಿಧಾಮದ ಭೂಮಿಗೆ ದರಪಟ್ಟಿಯ ಐದು ಪಟ್ಟು, ರಾಷ್ಟ್ರೀಯ ಉದ್ಯಾನಕ್ಕೆ ಹತ್ತು ಪಟ್ಟು. ಆ ಆದೇಶದ ದರದಲ್ಲಿ ₹4.38 ಲಕ್ಷದ ಮುಳ್ಳುಕಾಡು ಒಂದು ಅಧಿಸೂಚನೆಯಿಂದ ₹21.9 ಲಕ್ಷದ್ದಾಯಿತು. ಹುಲ್ಲು ಅದೇ, ಕಲ್ಲು ಅದೇ, ತೋಳವೂ ಅದೇ. ಬೆಲೆ ಎಂಬುದು ಪ್ರಕೃತಿಯಲ್ಲಿ ಮೊದಲೇ ಅಡಗಿದ್ದು ತಜ್ಞರು ಅಳೆದು ತೆಗೆಯುವ ಗುಣವಲ್ಲ, ಯಾರಿಗೆ ಯಾವ ಹಕ್ಕಿದೆ ಎಂಬ ತೀರ್ಮಾನದಿಂದ ಹುಟ್ಟುವ ಅಂಕಿ. ಮೊದಲು ಹಕ್ಕು, ಆಮೇಲೆ ಬೆಲೆ. ಗದಗ ಸೀಮೆಯ ಪ್ರತಿಯೊಂದು ಪ್ರಕರಣವೂ ಇದೇ ಕ್ರಮದಲ್ಲಿ ನಡೆದಿದೆ.

ಹಳ್ಳಿಗುಡಿಯ ಎರಿಭೂಮಿಯ ಪ್ರಸಂಗ ಇದಕ್ಕಿಂತ ಮುಂಚಿನದು. 2010ರ ಜೂನ್‌ನ ಜಾಗತಿಕ ಹೂಡಿಕೆದಾರರ ಸಮಾವೇಶದಲ್ಲಿ ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿ ವರ್ಷಕ್ಕೆ 60 ಲಕ್ಷ ಟನ್ ಉಕ್ಕು ತಯಾರಿಸುವ ಕಾರ್ಖಾನೆಗೆ ಒಪ್ಪಂದ ಮಾಡಿಕೊಂಡಿತು. ಹೂಡಿಕೆ ₹32 ಸಾವಿರ ಕೋಟಿಗೂ ಮೇಲೆ. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಸುತ್ತಮುತ್ತ ಮೂರು ಸಾವಿರ ಎಕರೆಗೂ ಹೆಚ್ಚು ಜಮೀನು ಗುರುತಾಯಿತು. ಸರ್ಕಾರದ ಕಣ್ಣಿಗೆ ಅದು ಮಳೆಯಾಶ್ರಿತ ಒಣಭೂಮಿ. ಕಾಲುವೆಯಿಲ್ಲ, ಎಕರೆವಾರು ಇಳುವರಿ ಕಡಿಮೆ, ನೋಂದಣಿ ಕಚೇರಿಯ ದರವೂ ಕಡಿಮೆ.

ರೈತರ ಲೆಕ್ಕ ಬೇರೆಯಿತ್ತು. ಎರಿಮಣ್ಣು ಮುಂಗಾರಿನ ನೀರನ್ನು ಹೀರಿ ಹಿಡಿದಿಟ್ಟುಕೊಂಡು ಹಿಂಗಾರಿಗೆ ಕೊಡುತ್ತದೆ. ಕಡಲೆ, ಬಿಳಿಜೋಳ, ಕುಸುಬಿ ಒಂದು ಹನಿ ಮಳೆ ಬೀಳದೆಯೂ ಮಣ್ಣಿನ ಹಸಿ ಮತ್ತು ಇಬ್ಬನಿಯ ಮೇಲೆ ಕಾಳು ಕಟ್ಟುತ್ತವೆ. ಮುಂಗಾರಿಗೆ ಹೆಸರು, ಉಳ್ಳಾಗಡ್ಡಿ, ಒಣಮೆಣಸಿನಕಾಯಿ. ಮಸಾರಿ ಹೊಲದಲ್ಲಿ ಶೇಂಗಾ. ಅಣೆಕಟ್ಟಿನಲ್ಲಿ ನೀರು ಸಂಗ್ರಹಿಸಲು ಕೋಟಿಗಟ್ಟಲೆ ಖರ್ಚಾಗುತ್ತದೆ, ಇಲ್ಲಿ ಆ ಕೆಲಸವನ್ನು ಮಣ್ಣೇ ಪುಕ್ಕಟೆ ಮಾಡುತ್ತದೆ. ಪುಕ್ಕಟೆಯಾದ್ದರಿಂದಲೇ ಅದು ಭೂಮಿಯ ದರದಲ್ಲಿ ಕಾಣುವುದಿಲ್ಲ. ಜಮೀನಿಲ್ಲದ ಕೂಲಿಕಾರರ ಪ್ರಶ್ನೆ ಇನ್ನೊಂದು: ಪರಿಹಾರ ಪಹಣಿಯಲ್ಲಿ ಹೆಸರಿರುವವರಿಗೆ ಸಿಗುತ್ತದೆ, ಕಳೆ ತೆಗೆದು ಮೆಣಸಿನಕಾಯಿ ಬಿಡಿಸುವವರಿಗಲ್ಲ.

ಎಲ್ಲ ರೈತರೂ ವಿರೋಧಿಸಲಿಲ್ಲ. ಮೇಲಿಂದ ಮೇಲೆ ಬರ ಕಂಡ ಮನೆಗಳಿಗೆ ಒಂದೇ ಸಲ ಕೈಗೆ ಬರುವ ದೊಡ್ಡ ಮೊತ್ತ ಸಣ್ಣ ಆಸೆಯಲ್ಲ, ಅದನ್ನು ಬಯಸಿದವರನ್ನು ದಡ್ಡರೆನ್ನುವುದೂ ಸರಿಯಲ್ಲ. ಆದರೂ ತೋಂಟದಾರ್ಯ ಸ್ವಾಮೀಜಿ ಮುಂದೆ ನಿಂತ ಚಳವಳಿ ಬೆಳೆಯುತ್ತ ಹೋಗಿ, 2011ರ ಜುಲೈನಲ್ಲಿ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಭೂಸ್ವಾಧೀನ ಕೈಬಿಟ್ಟರು. ಎರಡು ವರ್ಷಗಳ ನಂತರ ಕಂಪನಿಯೂ ರಾಜ್ಯದ ಯೋಜನೆಯಿಂದ ಹಿಂದೆ ಸರಿಯಿತು. ಬಂದಿದ್ದರೆ ಎಷ್ಟು ಉದ್ಯೋಗ ಸಿಗುತ್ತಿತ್ತು ಎಂಬ ಮಾತು ಗದಗ-ಬೆಟಗೇರಿಯ ಚಹಾದಂಗಡಿಗಳಲ್ಲಿ ಇನ್ನೂ ಮುಗಿದಿಲ್ಲ. ಅರ್ಥಶಾಸ್ತ್ರದಲ್ಲಿ ಅದಕ್ಕೆ ಅವಕಾಶ ವೆಚ್ಚ ಎಂಬ ಗೌರವದ ಹೆಸರಿದೆ. ಅದು ನಿಜವಾದ ವೆಚ್ಚವೇ. ಆ ಕಾರ್ಖಾನೆ ಕುಡಿಯಬೇಕಿದ್ದ ನೀರನ್ನೂ ಅದೇ ಹಾಳೆಯ ಇನ್ನೊಂದು ಬದಿಯಲ್ಲಿ ಬರೆಯಬೇಕು, ಅಷ್ಟೇ.

ನೀರೆಂದರೆ ತುಂಗಭದ್ರೆ. ಜಿಲ್ಲೆಯ ದಕ್ಷಿಣ ಅಂಚಿನಲ್ಲಿ ಹರಿಯುವ ಈ ನದಿಗೆ ಮುಂಡರಗಿ ತಾಲ್ಲೂಕಿನ ಹಮ್ಮಿಗಿ ಬಳಿ ಸಿಂಗಟಾಲೂರು ಏತ ನೀರಾವರಿ ಯೋಜನೆಯ ಬ್ಯಾರೇಜ್ ಕಟ್ಟಲಾಗಿದೆ. ಗದಗ-ಬೆಟಗೇರಿ ಅವಳಿ ನಗರದ ಕುಡಿಯುವ ನೀರು ಬರುವುದು ಅಲ್ಲಿಂದ. ಲಕ್ಷ್ಮೇಶ್ವರಕ್ಕೆ ನೀರು ಮೇಲ್ಗಡೆಯ ಮೇವುಂಡಿಯಿಂದ. ಬ್ಯಾರೇಜ್ ಎದ್ದು ನಿಂತ ಮೇಲೂ ಬಹುಕಾಲ ಪೂರ್ಣ ಮಟ್ಟಕ್ಕೆ ನೀರು ನಿಲ್ಲಿಸಲಾಗಲಿಲ್ಲ. ಗುಮ್ಮಗೋಳ, ಬಿದರಹಳ್ಳಿ, ವಿಠಲಾಪುರ ಹಿನ್ನೀರಿನಲ್ಲಿ ಬರುವ ಊರುಗಳು. ಅವುಗಳ ಸ್ಥಳಾಂತರ ವರ್ಷಗಟ್ಟಲೆ ಎಳೆಯಿತು. ಗೇಟ್ ಇಳಿಸಿದರೆ ಮನೆಗೆ ನೀರು, ಎತ್ತಿದರೆ ನೀರಾವರಿಗೆ ಕೊರತೆ. ಯೋಜನಾ ವೆಚ್ಚ ಉಳಿಸಲು ಪುನರ್ವಸತಿಯನ್ನು ಹಿಂದಕ್ಕೆ ತಳ್ಳುವುದು ಭಾರತದ ಅಣೆಕಟ್ಟುಗಳಲ್ಲಿ ಹಳೆಯ ಚಾಳಿ. ಹಮ್ಮಿಗಿಯಲ್ಲಿ ಆ ಉಳಿತಾಯ ನಿಲ್ಲದೆ ಹರಿದುಹೋದ ನೀರಿನ ರೂಪದಲ್ಲಿ ಮರಳಿ ಖರ್ಚಾಯಿತು.

ಅವಳಿ ನಗರದಲ್ಲಿ ನಳಕ್ಕೆ ನೀರು ಬರುವುದು ವಾರ, ಹತ್ತು ದಿನಕ್ಕೊಮ್ಮೆ ಎಂಬುದು ಎಷ್ಟೋ ವರ್ಷಗಳ ವಾಡಿಕೆಯಾಗಿತ್ತು. ಬೇಸಿಗೆಯಲ್ಲಿ ಇನ್ನೂ ತಡ. ನಗರಸಭೆಯ ನೀರಿನ ಕರ ಚಿಕ್ಕದು, ಆದರೆ ಮನೆಯೊಂದು ನೀರಿಗೆ ಮಾಡುವ ಖರ್ಚು ಚಿಕ್ಕದಲ್ಲ. ನೆಲದಡಿಯ ಟಾಕಿ, ಮೇಲಿನ ಸಿಂಟೆಕ್ಸ್, ಎತ್ತುವ ಮೋಟಾರು, ತೀರಿಹೋದಾಗ ಟ್ಯಾಂಕರ್, ಕುಡಿಯಲು ಕ್ಯಾನ್ ನೀರು. ದೊಡ್ಡ ಟಾಕಿ ಕಟ್ಟಿಸಿದವರಿಗೆ ಹತ್ತು ದಿನದ ಅಂತರ ಗೊತ್ತೇ ಆಗುವುದಿಲ್ಲ. ಬೆಟಗೇರಿಯ ನೇಕಾರರ ಓಣಿಯಲ್ಲಿ ಕೊಡಗಳಲ್ಲಿ ತುಂಬಿಟ್ಟುಕೊಳ್ಳುವವರಿಗೆ ಮೂರನೇ ದಿನವೇ ಗೊತ್ತಾಗುತ್ತದೆ, ಮತ್ತು ಲೀಟರಿಗೆ ಹೆಚ್ಚು ಹಣ ತೆರುವವರು ಅವರೇ. ನೀರನ್ನು ಅಗ್ಗವಾಗಿ ಇಟ್ಟು ಅಪರೂಪ ಮಾಡಿದರೆ ಬಡವರಿಗೆ ಉಪಕಾರವಾಗುವುದಿಲ್ಲ. ಕೊಳವೆಬಾವಿಯೂ ಸುಲಭದ ದಾರಿಯಲ್ಲ. ಮುಂಡರಗಿ ತಾಲ್ಲೂಕಿನ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಹೊಲದ ಪಂಪ್‌ಸೆಟ್‌ಗಳಿಗೆ, 10 ಅಶ್ವಶಕ್ತಿಯವರೆಗೆ, 2008ರಿಂದ ವಿದ್ಯುತ್ ಉಚಿತ. ಎತ್ತುವ ಖರ್ಚು ಸೊನ್ನೆಯಾದಾಗ ನೆರೆಯವನಿಗಿಂತ ಮೊದಲು, ಅವನಿಗಿಂತ ಆಳದಿಂದ ಎತ್ತುವುದೇ ಪ್ರತಿಯೊಬ್ಬ ರೈತನಿಗೂ ಜಾಣತನವಾಗಿ ಕಾಣುತ್ತದೆ. ಎಲ್ಲರೂ ಜಾಣರಾದ ಊರಿನಲ್ಲಿ ಅಂತರ್ಜಲ ಎಲ್ಲರಿಗೂ ಕೆಳಗಿಳಿಯುತ್ತದೆ.

ನದಿಯಲ್ಲಿ ನೀರಿನ ಜೊತೆ ಮರಳೂ ಇದೆ. ಅದು ನೀರನ್ನು ಸೋಸುತ್ತದೆ, ಬೇಸಿಗೆಯಲ್ಲಿ ಹಿಡಿದಿಡುತ್ತದೆ, ದಂಡೆಯ ಬಾವಿಗಳಿಗೆ ಜೀವ ಕೊಡುತ್ತದೆ. ಲಾರಿಗೆ ತುಂಬುವವನಿಗೆ ಇದರ ವೆಚ್ಚ ಕೂಲಿ, ಡೀಸೆಲ್, ರಾಜಧನ. ಕದ್ದು ತುಂಬಿದರೆ ರಾಜಧನವೂ ಇಲ್ಲ. ಶಿರಹಟ್ಟಿ ಮತ್ತು ಮುಂಡರಗಿ ತಾಲ್ಲೂಕುಗಳ ನದಿದಂಡೆಯಲ್ಲಿ ಅಕ್ರಮ ಮರಳು ಸಾಗಣೆಯ ದೂರು ಹೊಸದೇನಲ್ಲ. ನದಿ ಮರಳಿನ ಮೇಲೆ ಬಿಗಿ ಬಂದಾಗ ಸರ್ಕಾರ ಎಂ-ಸ್ಯಾಂಡ್‌ಗೆ ಉತ್ತೇಜನ ಕೊಟ್ಟಿತು. ಎಂ-ಸ್ಯಾಂಡ್ ಎಂದರೆ ಪುಡಿ ಮಾಡಿದ ಕಲ್ಲು, ಕಲ್ಲು ಇರುವುದು ಗುಡ್ಡದ ಸುತ್ತ. ಹೀಗೆ ನದಿಯನ್ನು ಉಳಿಸುವ ಕ್ರಮವೇ ಕಪ್ಪತಗುಡ್ಡದ ಬುಡದ ಕ್ವಾರಿ ಮತ್ತು ಜಲ್ಲಿ ಕ್ರಷರ್‌ಗಳಿಗೆ ಬೇಡಿಕೆ ತಂದಿತು. ಒಂದು ಸಂಪನ್ಮೂಲವನ್ನು ಇನ್ನೊಂದರಿಂದ ಪ್ರತ್ಯೇಕಿಸಿ ನಿರ್ವಹಿಸುವ ಇಲಾಖೆಗಳಿಗೆ ಈ ಸರಪಳಿ ಕಾಣುವುದಿಲ್ಲ. ನದಿಗೆ ಒಂದು ಕಡತ, ಗುಡ್ಡಕ್ಕೆ ಇನ್ನೊಂದು.

ಗುಡ್ಡದ ನೆತ್ತಿಯ ಗಾಳಿಯಂತ್ರಗಳದ್ದೂ ಇಂಥದೇ ಇಕ್ಕಟ್ಟು. ಹೊಗೆಯಿಲ್ಲದ ವಿದ್ಯುತ್ತಿನ ಲಾಭ ಇಡೀ ನಾಡಿಗೆ. ಯಂತ್ರ ಸಾಗಿಸಲು ಕಡಿದ ರಸ್ತೆ, ಸವೆಯುವ ಇಳಿಜಾರು, ಹಕ್ಕಿಗಳಿಗೆ ಆಗುವ ಅಡ್ಡಿ ಗುಡ್ಡಕ್ಕೆ. ಹವಾಮಾನದ ಲೆಕ್ಕದಲ್ಲಿ ಅವು ಒಳ್ಳೆಯವೇ. ಬಯಲಿನಲ್ಲೂ ಗಾಳಿ ಸಾಕಷ್ಟಿರುವ ಜಿಲ್ಲೆಯಲ್ಲಿ ಅವುಗಳನ್ನು ನೆತ್ತಿಯ ಮೇಲೇ ನಿಲ್ಲಿಸಬೇಕಿತ್ತೇ ಎಂಬುದು ಬೇರೆ ಪ್ರಶ್ನೆ.

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯಲ್ಲಿ ಲಾಭ ಮತ್ತು ವೆಚ್ಚಗಳ ದೂರ ಇನ್ನೂ ಹೆಚ್ಚು. ಸುಮಾರು 50 ಹೆಕ್ಟೇರಿನ ಈ ಕೆರೆಯನ್ನು ಕಟ್ಟಿದ್ದು ಮಳೆನೀರು ಹಿಡಿದು ಹೊಲಕ್ಕೆ ಹಾಯಿಸಲು. ಚಳಿಗಾಲ ಬಂದಂತೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿಗೆ ಬಂದಿಳಿಯುತ್ತವೆ. ವರ್ಷಕ್ಕೆ ಸುಮಾರು 8,000 ಹೆಬ್ಬಾತುಗಳು. ಕೆರೆಯಲ್ಲಿ ದಾಖಲಾದ 166ಕ್ಕೂ ಹೆಚ್ಚು ಹಕ್ಕಿ ಪ್ರಭೇದಗಳಲ್ಲಿ 130 ವಲಸೆ ಬರುವಂಥವು. 2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆ ಮತ್ತು ಅಂಕಸಮುದ್ರದ ಜೊತೆಗೆ ಮಾಗಡಿಯೂ ರಾಮ್ಸರ್ ಪಟ್ಟಿಗೆ ಸೇರಿತು. 1971ರಲ್ಲಿ ಇರಾನಿನ ರಾಮ್ಸರ್ ಪಟ್ಟಣದಲ್ಲಿ ಆದ ಜೌಗುಪ್ರದೇಶ ಒಪ್ಪಂದ ಹೀಗೆ ಶಿರಹಟ್ಟಿಯ ಕೆರೆಯೊಂದನ್ನು ಜಗತ್ತಿನ ಆಸ್ತಿಯೆಂದು ಗುರುತಿಸಿತು.

ಹೆಬ್ಬಾತು ಕೆರೆಯಲ್ಲಿ ತಂಗುತ್ತದೆ, ಮೇಯುವುದು ಹೊಲದಲ್ಲಿ. ಹೊತ್ತು ಇಳಿದ ಮೇಲೆ ಹಿಂಡುಹಿಂಡಾಗಿ ಎದ್ದು ಸುತ್ತಲಿನ ಶೇಂಗಾ, ಕಡಲೆ ಹೊಲಗಳಿಗೆ ಇಳಿಯುತ್ತದೆ. ಹಕ್ಕಿ ನೋಡಲು ಕ್ಯಾಮೆರಾ ಹಿಡಿದು ಬರುವವರು ಹುಬ್ಬಳ್ಳಿ, ಬೆಂಗಳೂರಿನವರು. ಹಕ್ಕಿಗೆ ಊಟ ಹಾಕುವವರು ಮಾಗಡಿ ಸುತ್ತಲಿನ ರೈತರು. ಅತಿಥಿಗಳು ಬರುತ್ತಾರೆ ಎಂಬ ಸಂತೋಷ ಊರಿನಲ್ಲಿ ಇದ್ದೇ ಇದೆ, ಹಿಕ್ಕೆಯಿಂದ ಹೊಲಕ್ಕೆ ಗೊಬ್ಬರವಾಗುತ್ತದೆ ಎನ್ನುವವರೂ ಇದ್ದಾರೆ. ಆ ಔದಾರ್ಯದ ಮೇಲೆ ಅಂತರರಾಷ್ಟ್ರೀಯ ಮಹತ್ವದ ತಾಣವೊಂದು ನಿಂತಿದೆ. ಅರ್ಥಶಾಸ್ತ್ರದ ಪ್ರಕಾರ ಇದಕ್ಕೆ ಪರಿಸರ ಸೇವೆಗೆ ಪಾವತಿ ಎಂಬ ವ್ಯವಸ್ಥೆ ಸಾಧ್ಯ. ಕೋಸ್ಟರಿಕಾ ದೇಶ 1997ರಿಂದ ಕಾಡು ಉಳಿಸಿಕೊಂಡ ಭೂಮಾಲೀಕರಿಗೆ ಇಂಧನ ತೆರಿಗೆಯ ಹಣದಿಂದ ಪಾವತಿ ಮಾಡುತ್ತ ಬಂದಿದೆ. ಮಾಗಡಿಯಲ್ಲಿ ಕೆರೆಯ ಏರಿಗಿಂತ ಆಚೆಯ ಹೊಲಗಳನ್ನೂ ತಾಣದ ಭಾಗವೆಂದು ಎಣಿಸಿ, ಹಕ್ಕಿ ಮೇಯ್ದ ಎಕರೆಗೆ ಇಷ್ಟೆಂದು ಹಂಗಾಮಿನ ಕೊನೆಗೆ ಕೊಡುವುದು ದೊಡ್ಡ ಮೊತ್ತವೇನೂ ಆಗಲಿಕ್ಕಿಲ್ಲ. ಪ್ರವಾಸಿಗರಿಗಾಗಿ ಕಟ್ಟುವ ಒಂದು ವೀಕ್ಷಣಾ ಗೋಪುರಕ್ಕಿಂತ ಅದರಿಂದ ಹೆಚ್ಚು ಉಪಯೋಗ.

ಗುಡ್ಡ, ಕೆರೆ, ಅಂತರ್ಜಲ ಇವೆಲ್ಲ ಎಲ್ಲರವೂ ಹೌದು, ಯಾರವೂ ಅಲ್ಲ. ಇಂಥ ಸಂಪತ್ತು ಹಾಳಾಗಿಯೇ ತೀರುತ್ತದೆ ಎಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದ್ದ. ಗೋಮಾಳದಲ್ಲಿ ಪ್ರತಿಯೊಬ್ಬನೂ ಇನ್ನೊಂದು ದನ ಬಿಡುತ್ತ ಹೋಗುವ ಚಿತ್ರ ಅವನದು. ಎಲಿನೋರ್ ಆಸ್ಟ್ರಮ್ ಜಗತ್ತಿನ ನೂರಾರು ಹುಲ್ಲುಗಾವಲು, ಮೀನುಗಾರಿಕೆ, ಕಾಲುವೆಗಳನ್ನು ಪರಿಶೀಲಿಸಿ 1990ರ ತಮ್ಮ ಗ್ರಂಥದಲ್ಲಿ ಬೇರೆ ಮಾತು ಹೇಳಿದರು. ಗಡಿ ಗೊತ್ತಿದ್ದು, ಬಳಸುವವರೇ ನಿಯಮ ಮಾಡಿ, ಅವರೇ ಕಾವಲಿದ್ದು, ತಪ್ಪಿದವರಿಗೆ ಮೊದಲು ಸಣ್ಣ ದಂಡ ಆಮೇಲೆ ದೊಡ್ಡದು ಎಂಬ ಕ್ರಮವಿದ್ದಲ್ಲಿ ಸಾಮೂಹಿಕ ಸಂಪತ್ತು ಶತಮಾನಗಟ್ಟಲೆ ಉಳಿದಿದೆ. 2009ರಲ್ಲಿ ಅವರಿಗೆ ನೊಬೆಲ್ ಬಂತು. ಅರ್ಥಶಾಸ್ತ್ರದಲ್ಲಿ ಅದನ್ನು ಪಡೆದ ಮೊದಲ ಮಹಿಳೆ.

ಗದಗ ತಾಲ್ಲೂಕಿಗೆ ಈ ಪಾಠ ಪೂರ್ತಿ ಹೊಸದಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಇಲ್ಲಿಯ ಕಣಗಿನಹಾಳದಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಸಾಲ ಯಾರಿಗೆ, ಎಷ್ಟು, ವಸೂಲಿ ಹೇಗೆ ಎಂಬುದನ್ನು ಒಬ್ಬರನ್ನೊಬ್ಬರು ಬಲ್ಲ ಊರಿನವರೇ ತೀರ್ಮಾನಿಸಿದರು. ಹಣವೆಂಬ ಜಾರುವ ವಸ್ತುವನ್ನು ಹೀಗೆ ನಿರ್ವಹಿಸಿದ ಸೀಮೆಯಲ್ಲಿ ಹುಲ್ಲು ಮತ್ತು ನೀರಿಗೆ ಅಂಥ ಸಂಘಗಳು ಗಟ್ಟಿಯಾಗಿ ಬೇರೂರಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಸಂಘಕ್ಕೆ ತನ್ನ ಹಣದ ಮೇಲೆ ಹಕ್ಕಿತ್ತು. ಗುಡ್ಡದ ಹುಲ್ಲಿನ ಮೇಲೆ, ಕೆರೆಯ ನೀರಿನ ಮೇಲೆ ಊರಿಗೆ ಇರುವುದು ವಾಡಿಕೆ ಮಾತ್ರ, ಹಕ್ಕು ಇಲಾಖೆಯದು. 1993ರ ನಂತರ ಬಂದ ಗ್ರಾಮ ಅರಣ್ಯ ಸಮಿತಿಗಳು ಈ ಅಂತರ ಕಡಿಮೆ ಮಾಡಲು ಹೊರಟಿದ್ದವು. ಹಲವು ಕಡೆ ಅವು ಅನುದಾನ ಇದ್ದಷ್ಟು ದಿನ ಉಸಿರಾಡಿದವು.

ವನ್ಯಜೀವಿಧಾಮವಾದ ಮೇಲೆ ಕಪ್ಪತಗುಡ್ಡದಲ್ಲಿ ಈ ಪ್ರಶ್ನೆ ಇನ್ನಷ್ಟು ಹರಿತವಾಗಿದೆ. ಗಣಿಯನ್ನು ತಡೆಯುವ ಕಾನೂನೇ ಕುರಿಗಾರನನ್ನೂ, ಸೀತಾಫಲ ಕೀಳುವ ತಾಂಡಾದ ಹೆಂಗಸನ್ನೂ ಬಾಗಿಲಲ್ಲಿ ನಿಲ್ಲಿಸುತ್ತದೆ. ಕಾಡುಹಂದಿ ಇಳಿದು ಬಂದು ಬೆಳೆ ತಿಂದರೆ ನಷ್ಟ ಅವರದೇ. ಗುಡ್ಡಕ್ಕಾಗಿ ಧರಣಿ ಕೂತವರಲ್ಲಿ ಇವರೂ ಇದ್ದರು. ಬೇಸಿಗೆ ಹೊತ್ತಿಗೆ ಎದೆಯೆತ್ತರ ಒಣಗಿ ನಿಲ್ಲುವ ಬಾದೆ ಹುಲ್ಲಿಗೆ ಪ್ರತಿವರ್ಷ ಬೆಂಕಿ ಬೀಳುತ್ತದೆ. ಕೆಲವು ಸಲ ಅಜಾಗ್ರತೆ, ಕೆಲವು ಸಲ ಸುಟ್ಟರೆ ಮುಂದಿನ ಮಳೆಗೆ ಎಳೆಹುಲ್ಲು ಚಿಗುರುತ್ತದೆಂಬ ನಂಬಿಕೆ. ಬೆಂಕಿ ರೇಖೆ ಕಡಿಯಲು, ಕಾವಲುಗಾರರನ್ನು ನೇಮಿಸಲು ಇಲಾಖೆ ಪ್ರತಿವರ್ಷ ಹಣ ವ್ಯಯಿಸುತ್ತದೆ. ಅದೇ ಹುಲ್ಲನ್ನು ಡಿಸೆಂಬರ್‌ನೊಳಗೆ ಊರವರು ಕುಡುಗೋಲಿನಿಂದ ಕೊಯ್ದು ಒಯ್ಯಲು ಬಿಟ್ಟರೆ ಉರಿಯುವ ಸರಕು ಕಡಿಮೆಯಾಗುತ್ತದೆ, ಮೇವಿನ ಖರ್ಚು ಉಳಿಯುತ್ತದೆ, ಮತ್ತು ಬೆಂಕಿ ಕಂಡ ಕೂಡಲೇ ಓಡಿಬರಲು ಕೆಳಗಿನ ಊರಿಗೆ ಒಂದು ಕಾರಣ ಸಿಗುತ್ತದೆ. ವನ್ಯಜೀವಿ ಕಾಯ್ದೆಯ ಚೌಕಟ್ಟಿನಲ್ಲಿ ಇದಕ್ಕೆ ಎಷ್ಟು ಜಾಗವಿದೆ ಎಂಬುದನ್ನು ತೀರ್ಮಾನಿಸಬೇಕಾದ್ದು ಗುಡ್ಡದ ನಿರ್ವಹಣಾ ಯೋಜನೆ. ಯಾವ ಊರಿಗೆ ಯಾವ ಇಳಿಜಾರು, ಯಾವ ತಿಂಗಳು, ಎಷ್ಟು ಹೊರೆ ಎಂಬಷ್ಟು ವಿವರಕ್ಕೆ ಅದು ಇಳಿಯಬೇಕಾಗುತ್ತದೆ.